ಬಿಚ್ಚಿದವನೇ ಮುಚ್ಚಬೇಕು

ನನ್ನ ಷಡ್ಡಕನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಕತೆ ಹೇಳಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಇಪ್ಪತ್ತು ವರ್ಷ ಅವನನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಒಬ್ಬರೂ ಇಲ್ಲ. ಪ್ರೀತಿಸುವವರು ನಡುನಡುವೆ ಬೇರೆ ಕಡೆ ನೋಡುತ್ತಾರೆ, ಹೊಟ್ಟೆಕಿಚ್ಚಿನವನಿಗೆ ಅಷ್ಟೂ ಪುರುಸೊತ್ತಿಲ್ಲ.

ನಾವಿಬ್ಬರೂ ಗಡಿಯಾರ ರಿಪೇರಿಯವರು. ಕೆಲಸ ಕಲಿಸಿದವರು ಒಬ್ಬರೇ, ನಮ್ಮ ಮಾವ. ಅವನಿಗೆ ದೊಡ್ಡ ಮಗಳನ್ನು ಕೊಟ್ಟರು, ನನಗೆ ಚಿಕ್ಕವಳನ್ನು. ಕೆಲಸದ ವಿಷಯದಲ್ಲಿ ಮಾವ ಹೇಳಿಕೊಟ್ಟ ಕಟ್ಟಳೆ ಒಂದೇ: ಬಿಚ್ಚಿದವನೇ ಮುಚ್ಚಬೇಕು. ಒಬ್ಬ ಬಿಚ್ಚಿದ ಗಡಿಯಾರವನ್ನು ಇನ್ನೊಬ್ಬ ಮುಗಿಸಕೂಡದು. ಮುಚ್ಚುವ ಮುಂಚೆ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತನ್ನ ಗುರುತು ಗೀರಬೇಕು. ವಾಚು ಕಟ್ಟಿಕೊಳ್ಳುವವನಿಗೆ ಅದು ಎಂದೂ ಕಾಣುವುದಿಲ್ಲ, ಮುಂದೆ ಅದನ್ನು ತೆರೆಯುವ ರಿಪೇರಿಯವನಿಗೆ ಮಾತ್ರ ಕಾಣುತ್ತದೆ. ಮಾವನದು ಒಂದು ಕೊಕ್ಕೆ, ಷಡ್ಡಕನದು ಒಂದು ಚುಕ್ಕೆ, ನನ್ನದು ಎರಡು ಗೀಟು. ನಾನು ಅವಸರದವನು. ಸ್ಕ್ರೂಡ್ರೈವರು ಜಾರಿ ಸ್ಕ್ರೂವಿನ ತಲೆಯ ಪಕ್ಕದಲ್ಲಿ ಗೀರು ಬೀಳುತ್ತಿತ್ತು. "ನಿನ್ನ ಕೈ ಮುಂದೆ ಓಡುತ್ತೆ, ಕಣ್ಣು ಹಿಂದೆ ಬರುತ್ತೆ" ಎಂದು ಮಾವ ಬೈಯುತ್ತಿದ್ದರು. ಷಡ್ಡಕನನ್ನು ಬೈದದ್ದು ನನಗೆ ನೆನಪಿಲ್ಲ.

ಒಂದು ಕಾಲದಲ್ಲಿ ಅವನ ಅಂಗಡಿ ನೋಡಬೇಕಿತ್ತು. ಮುಖ್ಯರಸ್ತೆಯ ತಿರುವಿನಲ್ಲಿ ಎರಡು ಕಡೆ ಬಾಗಿಲು, ಉದ್ದಕ್ಕೆ ಗಾಜಿನ ಕೌಂಟರು, ಕೈಕೆಳಗೆ ಮೂವರು ಕೆಲಸಗಾರರು. ಮೇಜಿನ ಮೇಲೆ ಯಾವಾಗಲೂ ಏಳೆಂಟು ಗಡಿಯಾರಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿದ್ದವು. ಆಗಲೂ ನನಗೆ ಹೊಟ್ಟೆಕಿಚ್ಚು ಇತ್ತು, ಆದರೆ ಅದು ಆರೋಗ್ಯವಾದ ಹೊಟ್ಟೆಕಿಚ್ಚು. ಅವನ ಹತ್ತಿರ ಇದ್ದದ್ದನ್ನು ನಾನೂ ತಂದಿಟ್ಟುಕೊಂಡರೆ ಮುಗಿಯುತ್ತಿತ್ತು. ಅವನು ಗಾಜಿನ ಕೌಂಟರು ಹಾಕಿಸಿದ, ನಾನೂ ಹಾಕಿಸಿದೆ. ಅವನು ಮೂವತ್ತು ಡ್ರಾಯರಿನ ಬೀರು ಮಾಡಿಸಿದ, ನಾನು ಅರವತ್ತನಾಲ್ಕು ಡ್ರಾಯರಿನದು ಮಾಡಿಸಿದೆ.

ಒಂದು ದಿನ ಒಂಬತ್ತು ಗಡಿಯಾರಗಳನ್ನು ಒಟ್ಟಿಗೆ ಬಿಚ್ಚಿಕೊಂಡು ಕೂತಿದ್ದ ಷಡ್ಡಕನಿಗೆ ಸೀನು ಬಂತು. ಒಂದೇ ಒಂದು ಸೀನು. ಒಂಬತ್ತು ಗಡಿಯಾರಗಳ ಚಕ್ರ, ಸ್ಕ್ರೂ, ಸ್ಪ್ರಿಂಗುಗಳೆಲ್ಲ ಹಾರಿ ನೆಲದ ಮೇಲೆ, ಚಾಪೆಯ ಸಂದಿಯಲ್ಲಿ, ಕೌಂಟರಿಗೆ ಒರಗಿ ನಿಂತಿದ್ದ ಗಿರಾಕಿಯ ಜೇಬಿನಲ್ಲಿ ಕೂಡ ಹೋಗಿ ಬಿದ್ದವು. ಒಂದೂವರೆ ತಿಂಗಳು ಅವನು ಚಿಮಟ, ಕುಂಚ ಹಿಡಿದು ಮಂಡಿಯೂರಿ ಅದನ್ನೆಲ್ಲ ಆರಿಸಿ, ಯಾವುದು ಯಾವುದರದು ಎಂದು ಹೊಂದಿಸಿದ. ಪೇಟೆಯೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ, ಅದೂ ಅವನಿಗೆ ಕೇಳಿಸಲಿ ಎಂದೇ.

ಒಂಬತ್ತನೆಯದನ್ನು ಮುಚ್ಚಿದ ದಿನ ಅವನು ತನ್ನ ಹೆಂಡತಿಗೆ, ಅಂದರೆ ನನ್ನ ಅತ್ತಿಗೆಗೆ, "ಇನ್ಮೇಲೆ ಒಂದೇ" ಎಂದನಂತೆ.

"ಏನು ಒಂದೇ?"

"ಒಂದು ಮುಗಿಯೋವರೆಗೆ ಇನ್ನೊಂದನ್ನ ಮುಟ್ಟಲ್ಲ. ಮುಟ್ಟೋದಿರ್ಲಿ, ಒಳಗೇ ಇಟ್ಕೊಳಲ್ಲ."

ಹೇಳಿದ್ದನ್ನು ಮಾಡಿಯೂ ಬಿಟ್ಟ. ಅಂಗಡಿಯನ್ನು ಆ ಮೂವರು ಕೆಲಸಗಾರರಿಗೇ ವಹಿಸಿ, ತಾನಿರುವ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಗೆ ಬಂದು ಕೂತ. ಒಂದು ಮೊಳದ ಮೇಜು, ಒಂದು ಸ್ಟೂಲು, ಒಂದು ದೀಪ. ಗೋಡೆಗೆ ಒಂದು ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಮುಂದಿನ ಸರದಿ ಯಾರದೆಂದು ಒಂದೇ ಸಾಲು. ಗಿರಾಕಿಗಳು ಗಡಿಯಾರವನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು, ಸರದಿ ಬಂದ ದಿನ ತಂದು ಕೊಡಬೇಕು. ಜನ ಅವನಿಗೆ ಒಂದಪ್ಪ ಎಂದು ಹೆಸರಿಟ್ಟರು. ನಾನು ಎಲ್ಲರ ಮುಂದೆ "ಪಾಪ, ಕೆಲಸ ಇಲ್ಲ" ಎಂದು ಮರುಗುತ್ತಿದ್ದೆ. ಆದರೆ ಸರದಿ ನಾಲ್ಕು ತಿಂಗಳಿಗೆ ಹೋಗಿ ನಿಂತಿತು.

ಇಲ್ಲಿಂದ ನನ್ನ ರೋಗ ಉಲ್ಬಣಿಸಿತು. ಇದ್ದದ್ದನ್ನು ಕಂಡು ಹೊಟ್ಟೆ ಉರಿದರೆ ಮದ್ದಿದೆ, ನಾವೂ ತಂದರಾಯಿತು. ಇಲ್ಲದ್ದನ್ನು ಕಂಡು ಉರಿದರೆ ಏನು ತರುವುದು? ನಾನು ದಿನಕ್ಕೆರಡು ಸಲ ಸುಮ್ಮನೆ ಆ ಕಟ್ಟಡದ ಮುಂದೆ ಹಾದುಹೋಗುತ್ತಿದ್ದೆ. ಅವನು ಟೀ ಕುಡಿಯುವಾಗ ಟೀ ಕುಡಿಯುತ್ತಿದ್ದ, ಅಷ್ಟೇ. ಊಟವಾದ ಮೇಲೆ ಗೋಡೆಗೆ ತಲೆಯೊರಗಿಸಿ ಹದಿನೈದು ನಿಮಿಷ ನಿದ್ದೆ ಮಾಡುತ್ತಿದ್ದ, ಬಾಯಿ ತೆರೆದುಕೊಂಡು, ಮಗುವಿನ ಹಾಗೆ. ನನ್ನ ಅಂಗಡಿಯಲ್ಲಿ ಆ ಹೊತ್ತಿಗೆ ಇನ್ನೂರು ಚಿಲ್ಲರೆ ವಾಚುಗಳು ಕಾಯುತ್ತಿದ್ದವು. ಗೋಡೆಯ ಮೇಲಿನ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಯಾರೇ ಬಂದರೂ ನನ್ನದು ಒಂದೇ ಮಾತು: "ನಾಳೆ ಬನ್ನಿ."

ಹೆಂಡತಿ ವಾರಕ್ಕೊಮ್ಮೆ ಅಕ್ಕನ ಮನೆಗೆ ಹೋಗಿ ಬರುತ್ತಿದ್ದಳು. ಅಲ್ಲೂ ಬೇಡದ್ದನ್ನೆಲ್ಲ ಕೊಟ್ಟುಬಿಟ್ಟಿದ್ದರಂತೆ. ಒಂದು ಸಲ ಬಂದವಳು ಚಪ್ಪಲಿ ಬಿಡುತ್ತಾ, "ಅಕ್ಕನ ಮನೇಲಿ ಕೂತ್ಕೊಳೋಕೆ ಜಾಗ ಇದೆ" ಎಂದಳು. ನಮ್ಮ ಮನೆಯ ಕುರ್ಚಿಗಳ ಮೇಲೆಲ್ಲ ನನ್ನ ಅಂಗಡಿಯಲ್ಲಿ ಹಿಡಿಸದ ಗೋಡೆ ಗಡಿಯಾರಗಳು ಕೂತಿದ್ದವು. ಅವಳು ದೂರಲಿಲ್ಲ, ಇದ್ದದ್ದನ್ನು ಹೇಳಿದಳು, ಅದಕ್ಕೇ ನನಗೆ ಚುಚ್ಚಿತು.

ಇನ್ನು ಆ ವಾಚಿನ ವಿಷಯ. ಮಾವ ನಲವತ್ತು ವರ್ಷ ಕೈಗೆ ಕಟ್ಟಿದ್ದ, ಕೀಲಿ ಕೊಡುವ ಹಳೆಯ ವಾಚು. ಸಾಯುವ ಮುಂಚೆ ಅದನ್ನು ನನ್ನ ಹೆಂಡತಿಗೆ ಕೊಟ್ಟರು. ಅವರು ಹೋದ ವರ್ಷವೇ ಅದೂ ನಿಂತಿತು. "ಸರಿ ಮಾಡಿ ಕೊಡಿ, ನಾನೇ ಕಟ್ಕೋತೀನಿ" ಎಂದು ಅವಳು ಅದನ್ನು ನನ್ನ ಕೈಗಿಟ್ಟಳು. ನಾನು ಒಂದು ಡ್ರಾಯರಿನಲ್ಲಿಟ್ಟು, ಒಳಗೊಂದು ಚೀಟಿ ಅಂಟಿಸಿದೆ: "ಮನೆಯದು. ಅವಸರವಿಲ್ಲ." ಹನ್ನೊಂದು ವರ್ಷವಾಯಿತು. ಮೊದಲಿನ ಎರಡು ವರ್ಷ ಅವಳು ಕೇಳುತ್ತಿದ್ದಳು, ಆಮೇಲೆ ಬಿಟ್ಟಳು. ಮರೆತಿದ್ದಾಳೆ ಎಂದು ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಎಂದಿನಂತೆ ಮೆಟ್ಟಿಲ ಮುಂದೆ ಹಾದುಹೋಗುವಾಗ ಹಲಗೆ ನೋಡಿದೆ. "ನಾಳೆ: ನಾದಿನಿ" ಎಂದು ಬರೆದಿತ್ತು. ಒಂದಪ್ಪನಿಗೆ ಇರುವುದು ಒಬ್ಬಳೇ ನಾದಿನಿ, ಅವಳು ನನ್ನ ಹೆಂಡತಿ. ಅಂದರೆ ನಾಲ್ಕು ತಿಂಗಳ ಹಿಂದೆಯೇ ಅವಳು ಹೋಗಿ ಸರದಿ ಹಿಡಿದಿದ್ದಳು. ಗಂಡ ಗಡಿಯಾರದವನು, ಅವಳು ಕ್ಯೂನಲ್ಲಿ ನಿಂತದ್ದು ಭಾವನ ಮುಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಕೇಳಿದ್ದೆ. ಆ ಗಿಡ ನಾನೇ ಎಂದು ಆಗ ಗೊತ್ತಾಯಿತು.

ಸಂಜೆ ಮನೆಗೆ ಹೋದಾಗ ಅವಳಾಗಿಯೇ ಹೇಳಿದಳು. "ಅಪ್ಪನ ವಾಚು ನಾಳೆ ಬೆಳಿಗ್ಗೆ ಬೇಕು. ಭಾವನ ಹತ್ರ ಕೊಡ್ತೀನಿ. ನಿಮಗಂತೂ ಪುರುಸೊತ್ತಾಗಲ್ಲ."

"ಕೊಡು," ಎಂದೆ. "ಬೆಳಿಗ್ಗೆ ಅಂಗಡಿಗೆ ಬಾ, ತೆಗೆದಿಟ್ಟಿರ್ತೀನಿ."

ಮರುದಿನ ಬೇಗ ಹೋಗಿ ಬಾಗಿಲು ತೆರೆದೆ. ಡ್ರಾಯರಿನಿಂದ ವಾಚು ತೆಗೆದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಿಂಬದಿ ಬಿಚ್ಚಿದೆ. ಮಾವನ ಕೊಕ್ಕೆ ಗುರುತು ಕಾಣಿಸಿತು. ಒಳಗೆ ಕೀಲಿಯ ಸ್ಪ್ರಿಂಗು ಮುರಿದಿತ್ತು, ಎಣ್ಣೆ ಒಣಗಿತ್ತು. ಬೇರೇನೂ ಇಲ್ಲ. ಒಂದು ಮಧ್ಯಾಹ್ನದ ಕೆಲಸ. ಹನ್ನೊಂದು ವರ್ಷ ಅವಳು ಕಾದದ್ದು ನನ್ನ ಒಂದು ಮಧ್ಯಾಹ್ನಕ್ಕೆ. ಇದನ್ನೇ ಈಗ ಒಂದಪ್ಪ ಅವಳಿಗೆ ಹೇಳುತ್ತಾನೆ, "ಏನೂ ಆಗಿರ್ಲಿಲ್ಲಮ್ಮ" ಎನ್ನುತ್ತಾನೆ, ಅವಳು ನನ್ನ ಮುಖ ನೋಡುತ್ತಾಳೆ. ಆ ನೋಟ ನನ್ನಿಂದ ತಡೆಯಲಾಗದು ಅನ್ನಿಸಿತು. ಅವನಿಗೂ ಆಗದಿದ್ದರೆ? ಒಂದೇ ಒಂದು ಗಡಿಯಾರ ಅವನ ಕೈಯಲ್ಲೂ ಸರಿಯಾಗದೆ ಹೋದರೆ, ಅವಳ ಕಣ್ಣಿನಲ್ಲಿ ನಾವಿಬ್ಬರೂ ಸಮ ಆಗುತ್ತೇವಲ್ಲ?

ಆ ವಾಚಿನ ನಡುವೆ ಎಪ್ಪತ್ತೈದು ಹಲ್ಲಿನ ಒಂದು ಚಕ್ರ ಇದೆ. ಅದೇ ಕಂಪನಿಯ ಇನ್ನೊಂದು ವಾಚಿನಲ್ಲಿ ಅದೇ ಅಳತೆಯದು, ಆದರೆ ಎಪ್ಪತ್ತನಾಲ್ಕು ಹಲ್ಲು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಹಾಕಿದರೆ ವಾಚು ಓಡುತ್ತದೆ, ಆದರೆ ದಿನಕ್ಕೆ ಸುಮಾರು ಇಪ್ಪತ್ತು ನಿಮಿಷ ಮುಂದೆ ಓಡುತ್ತದೆ, ಏನು ತಿರುಗಿಸಿದರೂ ಹಿಡಿತಕ್ಕೆ ಬರುವುದಿಲ್ಲ. ನಾನು ಅದನ್ನು ತೆಗೆದು ಇದನ್ನು ಹಾಕಿದೆ. ಅಷ್ಟರಲ್ಲಿ ಬಾಗಿಲಿಗೆ ಗಿರಾಕಿ ಬಂದದ್ದರಿಂದ ಒಳ್ಳೆಯ ಚಕ್ರವನ್ನು ಯಾವುದೋ ಡ್ರಾಯರಿಗೆ ತಳ್ಳಿ, ಮುಚ್ಚಳ ಬಿಗಿದೆ. ಅವಸರದಲ್ಲಿ ಸ್ಕ್ರೂಡ್ರೈವರು ಜಾರಿತು. ಗುರುತು ಮಾತ್ರ ಗೀರಲಿಲ್ಲ. ಕಳ್ಳ ಸಹಿ ಹಾಕುತ್ತಾನೆಯೇ?

ಹೆಂಡತಿ ಬಂದು ವಾಚನ್ನು ಭಾವನ ಹತ್ತಿರ ಒಯ್ದಳು. ಒಂದಪ್ಪನ ಹಲಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಹೆಸರು ಬದಲಾಗುತ್ತಿತ್ತು. ಈ ಸಲ ವಾರವಾದರೂ ಬದಲಾಗಲಿಲ್ಲ. ನಾನು ಈಗ ದಿನಕ್ಕೆ ಐದು ಸಲ ಹಾದುಹೋಗುತ್ತಿದ್ದೆ. ಮೊದಲ ದಿನಗಳಲ್ಲಿ ಒಳಗೊಳಗೇ ಹಿಗ್ಗಿದೆ. ಅವನ ಹುಬ್ಬು ಗಂಟಾಗಲಿ, ಒಂದು ಸಲ ಚಿಮಟ ಕುಕ್ಕಲಿ, ಅತ್ತಿಗೆಯ ಮೇಲೆ ಒಂದು ಸಲ ರೇಗಲಿ ಎಂದು ಕಾದೆ. ಅವನು ಹಾಗೇ ಕೂತಿದ್ದ. ಟೀ ಬಂದಾಗ ಟೀ ಕುಡಿದ. ಗೋಡೆಗೊರಗಿ ನಿದ್ದೆಯನ್ನೂ ಮಾಡಿದ. ಕೆಡಿಸಿದವನಿಗೆ ಊಟ ಸೇರುತ್ತಿಲ್ಲ, ಕೆಟ್ಟದ್ದನ್ನು ಎದುರಿಗಿಟ್ಟುಕೊಂಡವನು ಗೊರಕೆ ಹೊಡೆಯುತ್ತಿದ್ದಾನೆ. ಈ ಅನ್ಯಾಯವನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಹನ್ನೆರಡನೆಯ ದಿನ ಅವನು ನನ್ನ ಅಂಗಡಿಗೇ ಬಂದ. ಅವನು ಈ ಹೊಸ್ತಿಲು ತುಳಿದು ವರ್ಷಗಳಾಗಿದ್ದವು. ಕೂರಲು ಜಾಗ ಹುಡುಕಿದೆ, ಇರಲಿಲ್ಲ. ನಿಂತೇ ಮಾತಾಡಿದ.

"ಎಪ್ಪತ್ತೈದು ಹಲ್ಲಿಂದು ಒಂದು ಚಕ್ರ ಬೇಕಿತ್ತಪ್ಪ. ಮಾವನ ವಾಚಿಗೆ. ಈಗ ಅದರಲ್ಲಿರೋದು ಎಪ್ಪತ್ನಾಲ್ಕರದು."

"ಎಣಿಸಿದ್ರಾ ಅಣ್ಣ?"

"ಮೂರು ಸಲ."

"ಹಳೇ ವಾಚು. ಯಾವತ್ತೋ ಯಾರೋ ಬದಲಾಯಿಸಿರ್ಬೇಕು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಕಳ್ಳ ಎಂದು ಅಂದಿರಲೂ ಇಲ್ಲ, ನನ್ನ ಕೈ ಹೆಗಲ ಮೇಲಿತ್ತು.

"ಇರ್ಬೋದು," ಎಂದ. "ನಿನ್ನ ಹತ್ರ ಎಲ್ಲಾ ಇರುತ್ತಲ್ಲ, ನೋಡು. ನಿಧಾನವಾಗಿ ಹುಡುಕು. ಅದು ಸಿಗೋವರೆಗೆ ನಾನು ಬೇರೆ ಯಾವುದನ್ನೂ ತಗೊಳಲ್ಲ."

ಹೇಳಿ ಹೋಗಿಬಿಟ್ಟ. ಕೊಟ್ಟುಬಿಡೋಣ, ಹೀಗೆ ಹುಡುಕಿದೆ ಹಾಗೆ ಸಿಕ್ಕಿತು ಎಂದುಬಿಡೋಣ ಎಂದು ಡ್ರಾಯರಿಗೆ ಕೈ ಹಾಕಿದೆ. ಯಾವ ಡ್ರಾಯರು? ಅರವತ್ತನಾಲ್ಕು ಡ್ರಾಯರು, ಒಂದೊಂದರಲ್ಲೂ ನೂರಾರು ಚಕ್ರ, ಆ ಅಳತೆಯವೇ ಸಾವಿರದ ಹತ್ತಿರ. ಬಚ್ಚಿಟ್ಟವನಿಗೇ ಬಚ್ಚಿಟ್ಟ ಜಾಗ ಗೊತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು ಮೊದಲನೆಯ ಡ್ರಾಯರನ್ನು ಎಳೆದೆ.

ಸುರಿದು ಎಣಿಸಲು ಮೇಜಿನ ಮೇಲೆ ಅಂಗೈಯಗಲ ಜಾಗ ಇರಲಿಲ್ಲ. ಹಾಗಾಗಿ ಮೊದಲು ಜಾಗ ಮಾಡಬೇಕಾಯಿತು. ಸುಲಭದವನ್ನು ಸರಿಮಾಡಿ, ಆಗದವನ್ನು "ನನ್ನಿಂದಾಗಲಿಲ್ಲ, ಕ್ಷಮಿಸಿ" ಎಂದು ಒಬ್ಬೊಬ್ಬರಿಗೇ ಹೇಳಿ ಕಳಿಸಿ ವಾಪಸು ಕೊಟ್ಟೆ. ಆ ಮಾತು ಅಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ ಕೊಟ್ಟಿದ್ದ ಒಬ್ಬ ಮುದುಕ ವಾಚನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಂದಾ? ನಾನು ಸತ್ತ ಮೇಲೆ ಕೊಡ್ತೀಯ ಅಂದ್ಕೊಂಡಿದ್ದೆ" ಎಂದ. ಹೊಸ ಗಿರಾಕಿಗಳಿಗೆ "ಈಗ ಬೇಡ" ಎಂದೆ. ಒಂದಪ್ಪನ ಸರದಿಯಲ್ಲಿದ್ದವರು ನನ್ನ ಅಂಗಡಿಯ ಮುಂದೆ ನಿಂತು, "ಚಕ್ರ ಸಿಕ್ತಾ?" ಎಂದು ಕೇಳಿ ಹೋಗತೊಡಗಿದರು. ಊರಿನ ಅರ್ಧ ಗಡಿಯಾರಗಳು ನನ್ನ ಒಂದು ಚಕ್ರಕ್ಕಾಗಿ ನಿಂತಿದ್ದವು.

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಒಂದು ಹಲ್ಲಿಗೆ ಶಾಯಿಯ ಚುಕ್ಕೆಯಿಟ್ಟು, ಅಲ್ಲಿಂದ ಎಣಿಕೆ. ಎಪ್ಪತ್ತನಾಲ್ಕು. ಪಕ್ಕಕ್ಕೆ. ಇನ್ನೊಂದು. ಎಪ್ಪತ್ತನಾಲ್ಕು. ಐದನೆಯ ದಿನವೋ ಆರನೆಯ ದಿನವೋ ಇರಬೇಕು, ತಲೆ ಎತ್ತಿ ನೋಡಿದರೆ ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತ್ತು. ಮೂರು ತಾಸಿನಿಂದ ನನಗೆ ಒಂದಪ್ಪನ ನೆನಪೇ ಬಂದಿರಲಿಲ್ಲ. ಎದೆಯಲ್ಲಿ ಏನೋ ಹಗುರವಾಗಿತ್ತು, ಟೀ ತಣ್ಣಗಾಗಿದ್ದರೂ ರುಚಿಯಾಗಿತ್ತು. ಓಹೋ, ಇದೇನಾ, ಇದನ್ನೇ ಅವನು ದಿನಾ ಅನುಭವಿಸುತ್ತಿದ್ದಾನಾ ಎಂದುಕೊಂಡೆ. ಆ ಕ್ಷಣವೇ ಹೊಟ್ಟೆಯಲ್ಲಿ ಮತ್ತೆ ಒಲೆ ಹೊತ್ತಿಕೊಂಡಿತು. ಇಷ್ಟು ವರ್ಷ ಇದನ್ನೆಲ್ಲ ಒಬ್ಬನೇ ತಿಂದಿದ್ದಾನೆ. (ಈಗ ನನ್ನ ಮೇಜಿನ ಮೇಲೆ ಮೂರಕ್ಕಿಂತ ಹೆಚ್ಚು ಗಡಿಯಾರ ಇರುವುದಿಲ್ಲ. ಒಂದಕ್ಕೆ ಇಳಿಯಲು ಆಗಿಲ್ಲ. ಜನ ಮೂರಪ್ಪ ಎನ್ನುತ್ತಾರೆ. ಅಲ್ಲೂ ಅವನೇ ಮೇಲು.)

ಹನ್ನೊಂದು ದಿನ ಹುಡುಕಿದೆ. ಅರವತ್ತಮೂರು ಡ್ರಾಯರು ಮುಗಿದವು. ಉಳಿದದ್ದು ಒಂದು, ಅದು ಖಾಲಿ ಎಂದು ನನಗೆ ಗೊತ್ತಿದ್ದರಿಂದ ಮೊದಲಿಂದಲೂ ಬಿಟ್ಟಿದ್ದೆ. ಮಾವನ ವಾಚು ಇದ್ದ ಡ್ರಾಯರು. ಎಳೆದೆ. ಚಕ್ರ ಅಲ್ಲೇ ಇತ್ತು, ಹನ್ನೊಂದು ವರ್ಷದ ಹಳೆಯ ಚೀಟಿಯ ಮೇಲೆ. ಕೈ ತನ್ನ ಅಭ್ಯಾಸದಂತೆ ಮನೆಯದನ್ನು ಮನೆಯದರ ಜಾಗದಲ್ಲಿಟ್ಟಿತ್ತು. "ಅವಸರವಿಲ್ಲ" ಎನ್ನುವ ನನ್ನದೇ ಅಕ್ಷರವನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತೆ.

ಚಕ್ರವನ್ನು ಕಾಗದದಲ್ಲಿ ಸುತ್ತಿ ಮೆಟ್ಟಿಲ ಕೆಳಗೆ ಹೋದೆ. ಹೆಂಡತಿಯೂ ಅಲ್ಲೇ ಇದ್ದಳು, ಅಕ್ಕನ ಮನೆಯಿಂದ ಇಳಿದು ಬರುತ್ತಿದ್ದಳು. ಒಂದಪ್ಪ ಚಕ್ರವನ್ನು ಬೆಳಕಿಗೆ ಹಿಡಿದು ನೋಡಿ, ಸ್ಟೂಲಿನಿಂದ ಎದ್ದ.

"ಕೂತ್ಕೋ."

"ನಾನ್ಯಾಕೆ ಅಣ್ಣ? ನಿಮ್ಮ ಕೆಲಸ ಇದು."

"ಬಿಚ್ಚಿದವನೇ ಮುಚ್ಚಬೇಕು ಕಣಪ್ಪ," ಎಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಅವನ ಬೆರಳು ಸ್ಕ್ರೂವಿನ ಪಕ್ಕದ ಹೊಸ ಗೀರಿನ ಮೇಲಿತ್ತು.

ಕೂತೆ. ಆ ಮೇಜಿನ ಮೇಲೆ ಬೇರೇನೂ ಇರಲಿಲ್ಲ. ಹೊಸ ಸ್ಪ್ರಿಂಗನ್ನು ಅವನು ಆಗಲೇ ಹಾಕಿದ್ದ, ಎಣ್ಣೆಯನ್ನೂ ಬಿಟ್ಟಿದ್ದ. ನಾನು ಎಪ್ಪತ್ತನಾಲ್ಕನ್ನು ತೆಗೆದು ಎಪ್ಪತ್ತೈದನ್ನು ಕೂರಿಸಿದೆ. ಸ್ಕ್ರೂಡ್ರೈವರು ಜಾರಲಿಲ್ಲ. ಕೀಲಿ ಕೊಟ್ಟಾಗ ಮಾವನ ವಾಚು ಮಾತಾಡಿತು. ಅವನು ಸೂಜಿ ಕೈಗಿತ್ತ. ಮಾವನ ಕೊಕ್ಕೆಯ ಕೆಳಗೆ ನನ್ನ ಎರಡು ಗೀಟು ಗೀರಿ, ಅವನ ಚುಕ್ಕೆಗಾಗಿ ಸೂಜಿಯನ್ನು ಅವನ ಕಡೆ ಚಾಚಿದೆ. ಬೇಡ ಎಂದು ತಲೆಯಾಡಿಸಿದ.

"ನೋಡಮ್ಮ," ಎಂದು ನನ್ನ ಹೆಂಡತಿಗೆ ಹೇಳಿದ, "ನನ್ನಿಂದ ಆಗ್ಲಿಲ್ಲ. ನಿನ್ನ ಗಂಡನೇ ಸರಿ ಮಾಡಿದ್ದು."

ಅವಳು ವಾಚನ್ನು ಕಿವಿಗೆ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಇಷ್ಟು ವರ್ಷ ಯಾವ ನೋಟಕ್ಕಾಗಿ ನಾನು ಅಷ್ಟೆಲ್ಲ ಸಾಮಾನು ಗುಡ್ಡೆ ಹಾಕಿದ್ದೆನೋ, ಅದೇ ನೋಟ. ಅದು ಅವನು ನನಗೆ ಕೊಟ್ಟದ್ದು. ಅಂಗಡಿ ಬಿಟ್ಟ, ಸಾಮಾನು ಬಿಟ್ಟ, ಈಗ ಹೆಸರನ್ನೂ ಬಿಟ್ಟ, ಅದೂ ನನ್ನ ಕೈಗೆ. ನನ್ನ ಜನ್ಮದಲ್ಲಿ ಯಾರ ಮೇಲೂ ಅಷ್ಟು ಹೊಟ್ಟೆಕಿಚ್ಚು ಪಟ್ಟಿಲ್ಲ.

ಬೀದಿಗೆ ಬಂದೆವು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಆ ನೋಟ ನನಗೆ ಭಾರವಾಯಿತು. ಹೇಳಿಬಿಟ್ಟೆ. ಚಕ್ರ ಬದಲಾಯಿಸಿದ್ದು, ಯಾಕೆ ಬದಲಾಯಿಸಿದ್ದು, ಸ್ಪ್ರಿಂಗು ಮಾತ್ರ ಮುರಿದಿದ್ದದ್ದು, ಎಲ್ಲ. ಅವಳು ನಿಂತಳು. ಬೈಯುತ್ತಾಳೆ ಎಂದು ಕಾದೆ.

"ಆ ಡ್ರಾಯರಿನ ಚೀಟಿ ನಾನು ಯಾವತ್ತೋ ನೋಡಿದ್ದೆ," ಎಂದಳು. "ಅಂಗಡಿ ಗುಡಿಸೋಕೆ ಬಂದಿದ್ದೆನಲ್ಲ, ಆವಾಗ. ನನಗೆ ಅವಸರ ಇತ್ತು ರೀ. ಅಪ್ಪ ಸತ್ತಿದ್ರು."

ಅವಳು ವಾಚನ್ನು ಕೈಗೆ ಕಟ್ಟಿಕೊಳ್ಳಲು ನೋಡಿದಳು. ಮಾವನ ದಪ್ಪ ಮಣಿಕಟ್ಟಿನ ಪಟ್ಟಿ, ಅವಳ ಕೈಗೆ ಬಳೆಯ ಹಾಗೆ ಸಡಿಲವಾಗಿ ಜಾರಿತು.

"ಇನ್ನೊಂದು ತೂತು ಬೇಕು," ಎಂದಳು.

ಅಂಗಡಿಗೆ ಹೋಗಿ ನಾಳೆ ಹಾಕಿ ಕೊಡ್ತೀನಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗುರುತು ಗೀರಿದ ಸೂಜಿ ಇನ್ನೂ ನನ್ನ ಕೈಯಲ್ಲೇ ಇತ್ತು. ಪಕ್ಕದ ಮನೆಯ ಜಗಲಿಯ ಮೇಲೆ ಕೂತು, ಪಟ್ಟಿಯನ್ನು ತೊಡೆಯ ಮೇಲಿಟ್ಟು, ತೂತು ಕೊರೆಯತೊಡಗಿದೆ. ಹಳೆಯ ಚರ್ಮ ಗಟ್ಟಿಯಾಗಿತ್ತು, ಹೊತ್ತು ಹಿಡಿಯಿತು. ನಡುವೆ ಒಂದೇ ಒಂದು ಸಲ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದೆ. ಅವನು ಹಲಗೆ ಒರೆಸಿ ಹೊಸ ಹೆಸರು ಬರೆಯುತ್ತಿದ್ದ.

"ಇಲ್ಲಿ ನೋಡಿ," ಎಂದಳು ಹೆಂಡತಿ, ಕೈ ಮುಂದೆ ಚಾಚಿ.